ಗುರುವಾರದ ಗಾಳಿ

ಅಲ್ಲ ಅಲ್ಲ, ಅದಲ್ಲ! ಈ ಆಟದ ಪ್ಯಾಡಲ್ಲಿ ಅದು ಗುಂಡು ಹಾರಿಸೋ ಬಟನ್ನು. ನನಗ್ಯಾಕೋ ಗುಂಡು? ಯುದ್ಧಕ್ಕೆ ಹೊರಟಿದ್ದೀನಾ ನಾನು? ಆ ಬಟನ್ನಿಗೆ ಬ್ರೇಕ್ ಕೆಲಸ ಹಚ್ಚು. ಹೆಬ್ಬೆರಳು ಹೇಗೂ ಅಲ್ಲೇ ಇರುತ್ತೆ, ಥಟ್ಟಂತ ಒತ್ತಿದ್ರೆ ನೌಕೆ ಇದ್ದಲ್ಲೇ ನಿಲ್ಲಬೇಕು. ಹ್ಞಾ... ಈಗ ಸರಿಹೋಯ್ತು. ಯಾಕೆ ನಗ್ತೀಯ? ಐವತ್ತೆರಡು ವರ್ಷದೋನು ಆಟ ಆಡಬಾರದು ಅಂತ ಎಲ್ಲಾದ್ರೂ ಬರೆದಿದೆಯಾ? ನಗು, ನಗು. ಭಾವ ಅನ್ನೋ ಮರ್ಯಾದೆ ನಿಂಗೆ ಮೊದಲಿಂದಾನೂ ಇಲ್ಲ. ನಿಮ್ಮಕ್ಕ ಮುದ್ದು ಮಾಡಿ ಮಾಡಿ ತಮ್ಮನ್ನ ಹಾಳು ಮಾಡಿದ್ಲು.

ಟೀ ತಗೋ, ಆರಿಹೋಗುತ್ತೆ. ನಂದಾ? ನಂಗೆ ಅರ್ಧ ಲೋಟಾನೇ ಸಾಕು. ಅರ್ಧಾನೇ ಕುಡಿಯೋದು ನಾನೀಗ... ಹೊಟ್ಟೆಗೆ ಒಳ್ಳೇದಂತೆ. ನೀನು ಕಂಪ್ಯೂಟರ್ ನೋಡು, ನನ್ನ ಲೋಟ ಏನು ನೋಡ್ತೀಯ?

ಈಗ ಪ್ಯಾಡ್ ಹಿಂದುಗಡೆ ತಿರುಗಿಸು. ನಾಲ್ಕು ಪಟ್ಟಿ ಇದೆ ನೋಡು, ಬೆರಳು ಕೂರೋ ಕಡೆ. ಯಾವುದಕ್ಕೆ ಯಾವ ಕೆಲಸ ಬೇಕೋ ಅದನ್ನ ಹಚ್ಚಬಹುದು. ಎಡಗಡೆ ಎರಡಕ್ಕೆ ಮೇಲೆ-ಕೆಳಗೆ. ಬಲಗಡೆ ಎರಡಕ್ಕೆ ನೌಕೆ ಹೊರಳಿಸೋದು. ಸ್ಟಿಕ್‌ಗಳ ತಲೇನೂ ಬದಲಾಯಿಸಿದ್ದೀನಿ, ಕಂಡಿತಾ? ಗಿಡ್ಡದ್ದು ಕಿತ್ತು ಉದ್ದದ್ದು ಹಾಕಿದೆ. ಉದ್ದ ಇದ್ದಷ್ಟೂ ಕೈ ಹತೋಟಿಗೆ ಬರುತ್ತೆ. ಇದೆಲ್ಲಾ ನಿಂಗೆ ಹೇಳಿಕೊಡಬೇಕಾ, ನೀನೇ ಇದರಲ್ಲಿ ಪಂಡಿತ. ಅದಕ್ಕೇ ತಾನೇ ಭಾನುವಾರ ಮಧ್ಯಾಹ್ನದ ನಿದ್ದೆ ಕೆಡಿಸಿ ಕರೆಸಿಕೊಂಡಿದ್ದು?

ಮಗಳ ಆಟ ಕಣೋ ಇದು. ಅವಳು ಹಾಸ್ಟೆಲ್‌ಗೆ ಹೋದ್ಲು, ಕಂಪ್ಯೂಟರ್ ಮೇಲೆ ಧೂಳು ಕೂತಿತ್ತು. ಒಂದಿನ ಸುಮ್ನೆ ಹಾಕಿ ನೋಡಿದೆ. ನೋಡಿದ್ರೆ ನಮ್ಮ ಕ್ರೇನ್ ಕ್ಯಾಬಿನ್ನೇ! ಎರಡು ಕೈಗೆ ಎರಡು ಸ್ಟಿಕ್ಕು. ಸುತ್ತ ಬರೀ ಆಕಾಶ. ಎದುರಿಗೆ ಬಾಹ್ಯಾಕಾಶ ನಿಲ್ದಾಣ ತೇಲ್ತಾ ಇರುತ್ತೆ, ಅದರ ಬಾಗಿಲಿಗೆ ನೌಕೆ ಮೂತಿ ಒಂದು ಕೂದಲೆಳೆ ಆಚೀಚೆ ಆಗದ ಹಾಗೆ ಕೂರಿಸಬೇಕು. ಇಪ್ಪತ್ಮೂರು ವರ್ಷದಿಂದ ನಾನು ಮಾಡ್ತಿರೋದು ಇದನ್ನೇ ಅಲ್ವಾ? ಒಂದೇ ವ್ಯತ್ಯಾಸ, ಇಲ್ಲಿ ವಾಕಿಟಾಕಿಯಲ್ಲಿ ನಿನ್ನ ಕಿರುಚಾಟ ಇಲ್ಲ. "ಭಾವಾ, ಇಳಿಸು... ಭಾವಾ, ಸಾಕು... ಭಾವಾ, ನಿಧಾನ..." ಅಲ್ಲಿ ದಿನವಿಡೀ ಬಾಯಿ ಮುಚ್ಚಲ್ಲ, ಇವತ್ತೇನು ಮೌನವ್ರತ? ಬಂದಾಗಿಂದ ನಾಲ್ಕು ಮಾತಾಡಿಲ್ಲ ನೀನು.

ಇರಲಿ. ನಾಳೆಯದ್ದೇ ಯೋಚನೆ ಇರಬೇಕು. ನನಗೂ ಇದೆ. ಬೆಳಿಗ್ಗೆ ಏಳಕ್ಕೆ ಎತ್ತಬೇಕು. ಒಂಬತ್ತು ಟನ್ ಕಬ್ಬಿಣದ ತೊಲೆ, ಎರಡು ಕಟ್ಟಡದ ನಡುವೆ, ಏಳನೇ ಮಹಡಿಗೆ. ನಾನು ಮೇಲಿಂದ ತಂದು ನಿಲ್ಲಿಸ್ತೀನಿ, ನೀನು ಅಂಚಲ್ಲಿ ನಿಂತು ತುದಿ ಹಿಡಿದು ತೂತಿಗೆ ತೂತು ಕೂಡಿಸ್ತೀಯ. ಹೊಸದೇನಿದೆ? ನೂರು ಸಲ ಮಾಡಿದ್ದೀವಿ. ಆದ್ರೂ... ಅದಕ್ಕೆ ಮುಂಚೆ ಇದೊಂದು ಸಲ, ಒಂದೇ ಒಂದು ಸಲ, ಈ ಹಾಳಾದ ನೌಕೆ ನೆಟ್ಟಗೆ ಕೂತುಬಿಟ್ರೆ ನನಗೆ ಸಮಾಧಾನ. ಹುಚ್ಚು ಅನ್ನು. ಏನಾದ್ರೂ ಅನ್ನು.

ಹ್ಞೂ, ಈಗ ಆ ವೃತ್ತ ಇರೋ ಪುಟ ತೆಗಿ. ಮಧ್ಯದಲ್ಲಿ ಹಸಿರು ಚುಕ್ಕೆ. ಸ್ಟಿಕ್ ಎಲ್ಲಿದೆ ಅಂತ ತೋರಿಸುತ್ತೆ ಅದು. ಈಗ ನೋಡು, ನಾನು ಬರೀ ಹಿಡ್ಕೊಂಡಿದ್ದೀನಿ. ತಳ್ತಾ ಇಲ್ಲ, ಎಳೀತಾ ಇಲ್ಲ, ಸುಮ್ನೆ ಹಿಡ್ಕೊಂಡಿದ್ದೀನಿ. ಕಂಡಿತಾ ಆ ಚುಕ್ಕೆ ಹೇಗೆ ಕುಣಿಯುತ್ತೆ? ಇದೇ ನೋಡು ರೋಗ! ಸ್ಟಿಕ್ಕೇ ಸರಿ ಇಲ್ಲ. ಇದು ಮೂರನೇದು ಗೊತ್ತಾ? ಮೊದಲಿನ ಎರಡೂ ಇದೇ ಕಥೆ. ಅಂಗಡಿಯವನು ನನ್ನ ಮುಂದೇನೇ ಹಚ್ಚಿ ನೋಡಿದ, "ಸರಿಯಾಗೇ ಇದೆಯಲ್ಲ ಸಾರ್" ಅಂದ. ಕಳ್ಳ. ಬದಲಾಯಿಸಿ ಕೊಡು ಅಂತ ಪಟ್ಟು ಹಿಡಿದೆ, ಕೊಟ್ಟ. ಇದೂ ಹಾಗೇ! ಈಗಿನ ವಸ್ತುಗಳೇ ಹೀಗೆ, ಮೇಲೆ ಥಳುಕು.

ಅದಕ್ಕೇ ಆ ಡೆಡ್ ಝೋನ್ ಏರಿಸು ಅಂದಿದ್ದು. ಗೊತ್ತು ಕಣೋ ಏನು ಅಂತ, ಓದಿಕೊಂಡಿದ್ದೀನಿ. ನಡುವೆ ಇಷ್ಟು ಜಾಗ ಬಿಟ್ಟುಬಿಡೋದು, ಅದರೊಳಗೆ ಸ್ಟಿಕ್ ಎಷ್ಟು ಅಲುಗಾಡಿದ್ರೂ ಅಲುಗಾಡಿಲ್ಲ ಅಂತಾನೇ ಲೆಕ್ಕ. ಎಷ್ಟಿದೆ ಈಗ? ಐದಾ? ಹತ್ತು ಮಾಡು. ಇಲ್ಲ, ಇನ್ನೂ ಕುಣೀತಿದೆ. ಹದಿನೈದು. ಇಪ್ಪತ್ತು ಹಾಕು. ಹಾಕೋ, ಅದೇನು ನನ್ನ ಮುಖ ನೋಡ್ತೀಯ? ಗೊತ್ತು, ಅಷ್ಟು ಏರಿಸಿದ್ರೆ ನೌಕೆ ಮೊದಲು ಕದಲೋದೇ ಇಲ್ಲ, ಕದಲಿದಾಗ ಒಮ್ಮೆಲೇ ನುಗ್ಗುತ್ತೆ. ನುಗ್ಗಲಿ! ನಾನು ಸಂಭಾಳಿಸ್ತೀನಿ. ಹಾಕು.

ಈಗ ಆಟಕ್ಕೆ ಹೋಗು. ಕೊಡಿಲ್ಲಿ. ಸ್ವಲ್ಪ ಆಚೆ ಸರಿ, ಮೊಣಕೈ ತಾಗುತ್ತೆ. ನೋಡು ಈಗ... ಬಂತು... ನಿಧಾನ... ನಿಧಾನ... ಬಾ ತಾಯಿ... ಇನ್ನೇನು... ಇನ್ನೇನು ಬಾಗಿಲು... ಏಯ್! ಏಯ್ ಏಯ್ ಏಯ್! ಥೂ!

ಮುರೀತು. ನೋಡ್ದ್ಯಾ? ಬ್ರೇಕ್ ಒತ್ತೋಕೂ ಬಿಡ್ಲಿಲ್ಲ. ನಾನೇನು ಮಾಡ್ದೆ? ನೀನೇ ಹೇಳು, ಕಣ್ಣಾರೆ ನೋಡಿದ್ಯಲ್ಲ, ನಾನೇನು ಮಾಡ್ದೆ? ಎಲ್ಲಾ ನೆಟ್ಟಗಿತ್ತು, ಕೊನೇ ಗಳಿಗೆಯಲ್ಲಿ ತಾನಾಗೇ ಪಕ್ಕಕ್ಕೆ ಹಾರಿತು. ಗುರುವಾರ ಕ್ರೇನಲ್ಲಿ ತೂಗ್ತಿದ್ದ ಆ ಪೈಪಿನ ಕಟ್ಟು ಹಾರಿತಲ್ಲ, ಥೇಟ್ ಹಾಗೇ.

...

ಅದು ಗಾಳಿ. ನಾನವತ್ತೇ ಹೇಳಿದ್ನಲ್ಲ, ಒಂದು ಗಾಳಿ ಬೀಸಿತು ಅಂತ. ಲಾಗ್‌ಬುಕ್ಕಲ್ಲೂ ಬರೆದಿದ್ದೀನಿ, ಎಂಜಿನಿಯರಮ್ಮ ಓದಿ ರುಜು ಹಾಕಿದ್ದಾರೆ. ಹೆಲ್ಮೆಟ್‌ಗೆ ತಾಗಿತು ಅಷ್ಟೇ, ನಿಂಗೇನೂ ಆಗ್ಲಿಲ್ಲ. ದೇವರು ದೊಡ್ಡವನು. ಆದ್ರೆ ಅವತ್ತಿಂದ ನಿನ್ನ ವರಸೇನೇ ಬೇರೆ ಆಗಿದೆ. ಮೇಲಿಂದ ನನಗೆ ಕಾಣಲ್ಲ ಅಂದ್ಕೊಂಡಿದ್ದೀಯಾ? ಶುಕ್ರವಾರಾನೂ, ಶನಿವಾರಾನೂ, ಆ ಇಬ್ಬರು ಸಹಾಯಕರನ್ನ ದೂರ ಅಟ್ಟಿ ಒಬ್ಬನೇ ನಿಂತ್ಕೊಂಡೆ. ದೊಡ್ಡ ಮನುಷ್ಯ ಆಗ್ಬಿಟ್ಟೆ ನೀನು! ಮೂರು ಜನ ಹಿಡಿಯೋ ಕೆಲಸ ಒಬ್ಬನೇ ಹಿಡೀತೀಯ, ಯಾರಿಗೆ ತೋರಿಸೋಕೆ?

ಏನದು? ಯಾಕೆ ಪ್ಯಾಡ್ ಕಿತ್ಕೊಂಡೆ? ನಾನಿನ್ನೂ... ಏನ್ಮಾಡ್ತಿದ್ದೀಯ? ಮತ್ತೆ ಆ ವೃತ್ತದ ಪುಟಕ್ಕೆ ಹೋಗಿ ಸೊನ್ನೆಗೆ ಯಾಕೆ ಇಳಿಸಿದೆ? ಡೆಡ್ ಝೋನ್ ಪೂರ್ತಿ ತೆಗೆದ್ರೆ ಅದು ಇನ್ನೂ ಕುಣಿಯುತ್ತೆ ಮಾರಾಯ, ನಿಂಗೇನು ತಲೆ ಕೆಟ್ಟಿದೆಯಾ...

ಟೇಬಲ್ ಮೇಲೆ ಯಾಕಿಟ್ಟೆ?

ಹ್ಞೂ. ನೋಡ್ತಿದ್ದೀನಿ. ಕಾಣುತ್ತೆ ನಂಗೆ, ಚುಕ್ಕೆ. ನಿಂತಿದೆ.

ಈಗ ನಿಂತಿದೆ. ಸ್ವಲ್ಪ ಹೊತ್ತು ಹಾಗೇ ಇರುತ್ತೆ, ಆಮೇಲೆ ಶುರು ಹಚ್ಕೊಳ್ಳುತ್ತೆ, ನೋಡ್ತಿರು... ನೋಡ್ತಿರು... ಶುರುವಾಗುತ್ತೆ...

ನೀನು ಹಿಡಿದ್ರೂ ನಿಂತೇ ಇದೆ. ಸರಿ. ನಿನ್ನದು ಎಳೇ ಕೈ. ಇಲ್ಲಿ ಕೊಡು. ಟೀ ಜಾಸ್ತಿ ಆಯ್ತು ಇವತ್ತು, ಬೆಳಿಗ್ಗಿಂದ ನಾಲ್ಕನೇದು, ಅದಕ್ಕೇ... ಬಿಡೋ. ನನ್ನ ಕೈ ಬಿಡು. ನಿನ್ನ ಕೈ ಯಾಕೆ ಮೇಲಿಟ್ಟೆ? ನಾನೇನು ಮಗುವಾ? ತೆಗಿ ಅಂದೆ!

...

ನಿಂತುಬಿಡ್ತು, ಅಲ್ವಾ. ನೀನು ಒತ್ತಿ ಹಿಡಿದ ತಕ್ಷಣ ಚುಕ್ಕೆ ನಿಂತುಬಿಡ್ತು.

ಬೈಯೋದಿದ್ರೆ ಬೈಯಿ.

ಆರು ತಿಂಗಳಾಯ್ತು. ಮೊದಲು ಬಲಗೈ ಹೆಬ್ಬೆರಳು ಒಂದೇ. ಸುಸ್ತು ಅಂದ್ಕೊಂಡೆ. ಆಮೇಲೆ ಅಂಗಿ ಗುಂಡಿ ಹಾಕೋದು ಕಷ್ಟ ಆಯ್ತು, ಟೀ ಶರ್ಟ್ ಹಾಕೋಕೆ ಶುರು ಮಾಡ್ದೆ. ವಯಸ್ಸಿಗೆ ಬಂದ ಹುಡುಗನ ಹಾಗೆ ಆಡ್ತೀರ ಅಂತ ನಿಮ್ಮಕ್ಕ ನಗ್ತಾಳೆ. ಅವಳಿಗೆ ಗೊತ್ತಿಲ್ಲ. ಡಾಕ್ಟರ್ ಹತ್ರ ಹೋಗ್ಲಿಲ್ಲ. ಹೋದ್ರೆ ಬರೆದು ಕೊಡ್ತಾರೆ, ಬರೆದು ಕೊಟ್ರೆ ಮೇಲಿಂದ ಇಳಿಸ್ತಾರೆ. ಇಳಿಸಿದ ಮೇಲೆ ನಾನು ಏನು ಮಾಡಲಿ ಹೇಳು? ಮೇಲೆ ನನ್ನ ಕೈಗೆ ಒಂದು ಬೆಲೆ ಇದೆ. ನೆಲದ ಮೇಲೆ ನನಗೆ ಏನೂ ಬರಲ್ಲ ಕಣೋ. ಒಂದು ಸಂಸಾರದ ಸಾಮಾನು ತರೋಕೂ ನೆಟ್ಟಗೆ ಬರಲ್ಲ ಅಂತ ನಿಮ್ಮಕ್ಕಾನೇ ಹೇಳ್ತಾಳೆ.

ಈ ಆಟದಲ್ಲಿ ಒಂದು ಸಲ ಕೂತುಬಿಟ್ರೆ, ಕೈ ಇನ್ನೂ ಇದೆ ಅಂತ ಧೈರ್ಯ ಬರ್ತಿತ್ತು. ನಾಳೆ ಕ್ರೇನ್ ಹತ್ತಿಬಿಡ್ತಿದ್ದೆ. ನಾಚಿಕೆ ಬಿಟ್ಟು ಹೇಳ್ತೀನಿ, ಹತ್ತಿಬಿಡ್ತಿದ್ದೆ. ನೀನು ಅಂಚಲ್ಲಿ ನಿಂತಿರ್ತೀಯ ಅಂತ ಗೊತ್ತಿದ್ದೂ.

ಗುರುವಾರ... ಲಿವರ್ ಒಂದನೇ ವೇಗದಲ್ಲಿ ಇರಬೇಕಿತ್ತು. ಕೈ ಎಗರಿ ಎರಡಕ್ಕೆ ಹೋಯ್ತು. ಮೇಲಿಂದ ನಿನ್ನ ಹಳದಿ ಹೆಲ್ಮೆಟ್ ಒಂದೇ ಕಾಣ್ತಿತ್ತು, ಅದು ಉರುಳಿಕೊಂಡು ಹೋಗಿದ್ದು ಕಂಡಿತು, ನಿನ್ನ ತಲೆ ಅದರೊಳಗಿದೆಯೋ ಇಲ್ವೋ ತಿಳೀಲಿಲ್ಲ. ವಾಕಿಟಾಕಿಯಲ್ಲಿ ಒಂದು ನಿಮಿಷ ನಿನ್ನ ದನಿ ಇಲ್ಲ. ಆ ಒಂದು ನಿಮಿಷ ನಾನು ಸತ್ತೇಹೋಗಿದ್ದೆ. ಆಮೇಲೆ ನೀನು "ಭಾವಾ, ಗಾಳಿನಾ?" ಅಂತ ಕೇಳ್ದೆ. ನಾನು ಹ್ಞೂ ಅಂದ್ಬಿಟ್ಟೆ. ನೀನೇ ಎತ್ತಿಕೊಟ್ಟ ಸುಳ್ಳು, ನಾನು ಹಿಡ್ಕೊಂಡೆ.

ಇರು.

ಕ್ರೇನ್ ತುದಿಗೆ ಕೆಂಪು ಬಟ್ಟೆ ಕಟ್ಟಿದೆ. ಗಾಳಿ ಇದ್ರೆ ಹಾರುತ್ತೆ, ಇಲ್ದಿದ್ರೆ ಜೋತುಬಿದ್ದಿರುತ್ತೆ. ಕೆಳಗಿಂದ ಚೆನ್ನಾಗಿ ಕಾಣುತ್ತೆ. ನೀನು ಯಾವಾಗಲೂ ಮೊದಲು ಅದನ್ನೇ ನೋಡೋದು. ಅವತ್ತೂ ನೋಡಿದ್ದೆ, ಅಲ್ವಾ?

ತಲೆ ಆಡಿಸ್ತೀಯ. ನೀನು ನೋಡಿದ್ದೆ.

ಅಂದ್ರೆ ನಿಂಗೆ ಅವತ್ತಿಂದಲೇ... ಅದಕ್ಕೇ ಆ ಇಬ್ಬರನ್ನ ದೂರ ಅಟ್ಟಿದ್ದಾ? ಬಿದ್ರೆ ನಿನ್ನ ಮೇಲೆ ಮಾತ್ರ ಬೀಳಲಿ ಅಂತ? ಯೋ... ಯಾಕೋ? ಯಾಕೋ ಹೀಗೆ ಮಾಡ್ದೆ? ನಾನಾಗೇ ಬಾಯಿ ಬಿಡಲಿ ಅಂತ ಕಾಯ್ತಿದ್ಯಾ? ಎರಡು ದಿನ ನನ್ನ ಈ ಕೈ ಕೆಳಗೆ ನಿಂತ್ಕೊಂಡು ಕಾಯ್ತಿದ್ಯಾ? ನಿನ್ನ ಹೆಂಡ್ತಿ ಮುಖ ನೆನಪಾಗ್ಲಿಲ್ವಾ ನಿಂಗೆ?

ಅಳಬೇಡ. ನೀನು ಅತ್ರೆ ನಾನು... ಅಳಬೇಡ ಅಂದೆ.

ನನ್ನ ಫೋನ್ ಎಲ್ಲಿ? ಆ ಕಂಪ್ಯೂಟರ್ ಹಿಂದೆ ನೋಡು. ಎಂಜಿನಿಯರಮ್ಮನ ನಂಬರ್ ತೆಗಿ. ನೀನೇ ಒತ್ತು, ನನ್ನ ಬೆರಳು ಪಕ್ಕದ ನಂಬರಿಗೆ ಹೋಗುತ್ತೆ. ರಿಂಗ್ ಆಗ್ತಿದೆಯಾ? ಇಲ್ಲಿ ಕೊಡು. ಬೇಡ, ನೀನು ಮಾತಾಡಬೇಡ, ನನ್ನ ಕೈ ಮಾತ್ರ ಹಿಡ್ಕೋ, ಫೋನ್ ಕಿವಿ ಹತ್ರ ನಿಲ್ಲಲಿ.

ಹಲೋ... ಮೇಡಂ, ನಾನು, ಕ್ರೇನಿನವನು. ಭಾನುವಾರ ತೊಂದ್ರೆ ಕೊಟ್ಟೆ, ಕ್ಷಮಿಸಿ. ನಾಳೆ ತೊಲೆ ಎತ್ತೋಕೆ ಬೇರೆಯವರನ್ನ ಕರೆಸಿ. ಇಲ್ಲ ಮೇಡಂ, ಜ್ವರ ಅಲ್ಲ. ಗುರುವಾರದ ಲಾಗ್‌ಬುಕ್ ನಿಮ್ಮ ಹತ್ರಾನೇ ಇದೆಯಲ್ಲ? ಅದರಲ್ಲಿ ಗಾಳಿ ಅಂತ ಬರೆದಿದ್ದೀನಿ. ಅದನ್ನ ಹೊಡೆದುಹಾಕಿ.

ಗಾಳಿ ಇರಲಿಲ್ಲ ಮೇಡಂ.