ಮೇಷ್ಟ್ರ ಏಳು ಸೀಲು

ಕಾರು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿಗೆ ಗಂಡ ಹೆಂಡತಿ ಕೂತಿದ್ದರು. ಗಂಡ ಆಗಷ್ಟೇ ಫೋನು ಇಟ್ಟ.

“ಲೇ, ಕಂಪನಿಯೋರು ಒಪ್ಪಿದ್ರು ಕಣೇ. ಹೊಸ ಗೇರ್‌ಬಾಕ್ಸ್ ಅವರೇ ಪುಕ್ಕಟೆ ಹಾಕ್ಕೊಡ್ತಾರಂತೆ.”

“ವಾರಂಟಿ ಮುಗಿದು ಎರಡು ವರ್ಷ ಆಯ್ತಲ್ರೀ. ಅದೂ ನಾವು ತಗೊಂಡಿದ್ದು ಸೆಕೆಂಡ್ ಹ್ಯಾಂಡು.”

“ಆದ್ರೂ ಕೊಡ್ತಾರಂತೆ. ಆ ಮಾಡೆಲ್‌ಗೆಲ್ಲ ಅದೇ ಕಾಯಿಲೆ ಅಂತ ಅವರಿಗೂ ಗೊತ್ತು. ಒಂದೇ ಷರತ್ತು. ವಾರಂಟಿ ಇದ್ದಾಗಿನ ಎಲ್ಲಾ ಸರ್ವಿಸೂ ಇಲ್ಲೇ ಆಗಿರ್ಬೇಕು, ಸೀಲ್ ಹಾಕಿದ ಪುಸ್ತಕ ತೋರಿಸ್ಬೇಕು.”

“ನಮಗೆ ಕಾರು ಮಾರಿದ ಮೇಷ್ಟ್ರು ಒಂದೂ ತಪ್ಪಿಸಿಲ್ಲ. ಏಳು ಸೀಲಿದೆ.”

ಗಂಡನ ದನಿ ಇಳಿಯಿತು. “ಆ ಪುಸ್ತಕಾನ ನಾನು ವಾಷಿಂಗ್ ಮೆಷಿನ್ ಕಾಲಡಿ ಇಟ್ಬಿಟ್ಟೆ ಕಣೇ. ಅಲ್ಲಾಡ್ತಿತ್ತಲ್ಲ. ಇಷ್ಟೊತ್ತಿಗೆ ನೆಂದು ಮುದ್ದೆ ಆಗಿರತ್ತೆ.”

ಆಕೆ ಕೈಚೀಲದಿಂದ ಪುಸ್ತಕ ತೆಗೆದು ಅವನ ತೊಡೆಯ ಮೇಲಿಟ್ಟಳು. “ನೀವಿಟ್ಟ ದಿನವೇ ತೆಗೆದೆ.”

“ಮತ್ತೆ ಮೆಷಿನ್ ಅಲ್ಲಾಡ್ತಿಲ್ವಲ್ಲ?”

“ತೂಕ ಇಳಿಸ್ತೀನಿ ಅಂತ ಒಂದು ದಪ್ಪ ಪುಸ್ತಕ ತಂದಿದ್ರಲ್ಲ, ಅದಿದೆ ಅಲ್ಲಿ. ವರ್ಷವಾದ್ರೂ ನೀವು ಹುಡುಕಲಿಲ್ಲ.”

ಕೌಂಟರಿನಿಂದ ಕರೆ ಬಂತು. ಗಂಡ ದಡಬಡಿಸಿ ಎದ್ದ, ಎರಡು ಹೆಜ್ಜೆ ಹೋದವನು ತಿರುಗಿ ಬಂದು ಪುಸ್ತಕವನ್ನು ಹೆಂಡತಿಯ ಕೈಗಿಟ್ಟ.

“ನೀನೇ ಹಿಡ್ಕೋ. ನನ್ನ ಕೈಲಿ ಬೇಡ.”