ಬಾವಿಗೆ ಇಳಿದಿದ್ದ ವಯರು

ಲೈಟ್ ಆರ್ಸು... ಹಾಂ, ಈಗ ಕೇಳು. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ಹೊಸೂರಲ್ಲಿ, ನಮ್ ಚಿಕ್ಕಪ್ಪನ ಮಗ ಯತಿರಾಜನಿಗೇ ಆಗಿದ್ದು.

ಆಗ ಅವ್ನು ಲಾರಿ ಫ್ಯಾಕ್ಟ್ರೀಲಿದ್ದ. ಆಲಸನತ್ತಂನಲ್ಲಿ ಬಾಡಿಗೆ ಮನೆ. ಮನೆ ಹಿಂದೆ ಒಂದು ಹಾಳುಬಾವಿ. ಕೋಳಿ ಅಂಗ್ಡಿಯೋರು ಪುಕ್ಕ, ಕರುಳು ಎಲ್ಲಾ ಅದಕ್ಕೇ ಸುರೀತಿದ್ರು. ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಮೂಗು ಮುಚ್ಕೊಂಡೇ ಅದನ್ನ ದಾಟಬೇಕು. ಒಂದಿನ ಹಂಗೇ ದಾಟ್ತಾವ್ನೆ... ಒಳಗಿಂದ ಸದ್ದು. ಕಪ್ಪೆದಲ್ಲ. ನೀರಿಂದೂ ಅಲ್ಲ. ಯಾರೋ ಮೂಳೆ ಚೀಪ್ದಂಗೆ... ಚುಳ್ಚ್... ಚುಳ್ಚ್... ಥೂ ಅಂತ ಉಗಿದು ಮನೆಗೆ ಹೋದ.

ಹೆಂಡ್ತಿ ಕೋಮಲಾ ಕಂಪ್ಯೂಟರ್ ಮುಂದೇನೇ ಕೂತಿದ್ಲು.

"ಬಂತಾ?"

"ಇಲ್ಲ ರೀ. ಅಲ್ಲೇ ನಿಂತೈತೆ."

ಅವಳ ಸೀಮಂತದಲ್ಲಿ ಅವರಮ್ಮ ಸೋಬಾನೆ ಹಾಡಿದ್ರು. ಅದೇ ವರ್ಷ ತೀರ್ಕೊಂಡ್ರು. ಆ ವಿಡಿಯೋ ಇದ್ದಿದ್ದು ಮಸ್ಕತ್‌ನಲ್ಲಿದ್ದ ಅವಳಣ್ಣ ಭೈರೇಶನ ಹತ್ರ ಮಾತ್ರ. ಸಿಡಿ ಕಳಿಸಿದ್ರೆ ದಾರೀಲಿ ಮುರೀತು. ಇಮೇಲಲ್ಲಿ ಅಷ್ಟು ದೊಡ್ಡದು ಹಿಡಿಯಲ್ಲ. ಅದಕ್ಕೇ ಅವನ ಕಂಪ್ಯೂಟರಿಂದ ನೇರ ಇವರ ಕಂಪ್ಯೂಟರಿಗೆ, ಟೊರೆಂಟಲ್ಲಿ, ಚೂರು ಚೂರಾಗಿ ತರಿಸ್ತಿದ್ರು.

ಕೊನೇ ಚೂರುಗಳೇ ಸೇರ್ತಿರಲಿಲ್ಲ. ಬರೋವು. ಕೆಟ್ಟೈತೆ ಅಂತ ಕಂಪ್ಯೂಟರೇ ಬಿಸಾಕೋದು. ಮತ್ತೆ ತರೋದು. ಮತ್ತೆ ಕೆಟ್ಟದ್ದೇ. ಯತಿರಾಜ ಮೋಡೆಮ್ಮಲ್ಲಿ ಪೋರ್ಟ್ ತೆರೆದ. ಫೈರ್‌ವಾಲ್ ಆರಿಸ್ದ. ಅಪ್‌ಲೋಡ್ ವೇಗ ಇಳಿಸ್ದ. ಊಹೂಂ. ಫ್ಯಾಕ್ಟ್ರಿ ಕಂಪ್ಯೂಟರ್ ಸೆಕ್ಷನ್ನಿನ ಮರಿಸ್ವಾಮೀನ ಕೇಳ್ದ.

"ನಿನ್ ಲೈನಲ್ಲಿ ಇನ್ಯಾರೋ ಎಳೀತಾವ್ರೆ ಕಣ್ಲಾ. ಕಂಪ್ಯೂಟರ್ ಆಫ್ ಮಾಡಿ ಮೋಡೆಮ್ ಲೈಟ್ ನೋಡು."

ಅವತ್ತು ರಾತ್ರಿ ಆಫ್ ಮಾಡ್ದ. ಗುಂಯ್ ಅಂತಿದ್ದ ಫ್ಯಾನ್ ನಿಂತೋಯ್ತು. ಮೋಡೆಮ್ಮಿಂದು ಒಂದು ಲೈಟ್ ಮಾತ್ರ ಪಟಪಟ ಮಿನುಗ್ತಾನೇ ಐತೆ. ಹಿಂದೆ ತಿರುಗ್ಸಿ ನೋಡ್ದ. ಇವರ ವಯರಲ್ದೆ ಇನ್ನೊಂದು ವಯರು. ಹಿಂದಿದ್ದ ಬಾಡಿಗೆಯೋರು ಬಿಟ್ಟೋಗಿದ್ದು ಅಂತ ಸುಮ್ನಿದ್ದ. ಈಗ ಅದರ ಜಾಡು ಹಿಡ್ದ. ಮಂಚದ ಹಿಂದಿಂದ ಕಿಟಕಿಗೆ... ಕಿಟಕಿಯಿಂದ ಹಿತ್ಲಿಗೆ... ಸೀದಾ ಬಾವಿಯೊಳಕ್ಕೆ.

"ರೀ... ಬೆಳಿಗ್ಗೆ ನೋಡಾನ," ಅಂತ ಪಿಸುಗುಟ್ಟಿದ್ಲು ಕೋಮಲಾ.

ಇವ್ನು ಕೇಳ್ಲಿಲ್ಲ. ವಯರ್ನ ಬರಿ ಬಲಗೈಗೆ ಸುತ್ಕೊಂಡು ಎಳೆದ. ವಯರ್ ತುಂಬಾ ಗೊಣ್ಣೆ ಥರ ಲೋಳೆ. ಬೆರಳ ಸಂದಿಯಿಂದ ಮೊಣಕೈವರ್ಗೂ ಇಳೀತು. ಬೆಚ್ಚಗಿತ್ತು ಕಣ್ಲಾ... ಬೆಚ್ಚಗೆ. ಚರಂಡೀಲಿ ಹೆಗ್ಗಣ ಸತ್ತು ಉಬ್ಬಿದ ವಾಸ್ನೆ. ಇವ್ನು ಎಳೆದಷ್ಟೂ ಆ ಕಡೆಯಿಂದ್ಲೂ ಎಳೀತಾವ್ರೆ. ಆಮೇಲೆ ಕೆಳಗಿಂದ, ಬಾಯ್ತುಂಬಾ ತುಂಬ್ಕೊಂಡು ಮಾತಾಡ್ದಂಗೆ...

"ಇನ್ನೊಸಿ ಐತೆ... ಬುಡು."

ಇವ್ನು ಕಾಲು ಕೊಟ್ಟು ಜಗ್ಗಿದ. ತುದಿ ಕಿತ್ಕೊಂಡು ಬಂತು. ಕಬ್ಬು ಅಗಿದಂಗೆ ಅಗಿದು ಚಪ್ಪಟೆಯಾಗಿತ್ತು. ಮೇಲೆಲ್ಲಾ ನೊರೆನೊರೆ ಎಂಜಲು. ಅದರಲ್ಲಿ ಹಲ್ಲಿನ ಗುರುತು. ಮನುಷ್ಯರ ಹಲ್ಲು. ಬಾವಿಕಟ್ಟೆ ಹಿಡ್ಕೊಂಡು ಹೊಟ್ಟೇಲಿದ್ದದ್ದೆಲ್ಲಾ ಕಕ್ಕಿದ. ಕೋಮಲಾ ಕತ್ತರಿ ತಂದು ಕಿಟಕಿ ಹತ್ರ ವಯರ್ ಕಟ್ ಮಾಡಿದ್ಲು.

ಆಮೇಲೆ ನೋಡು, ಕೋಮಲಾ ಕಂಪ್ಯೂಟರ್ ಮತ್ತೆ ಆನ್ ಮಾಡಿದ್ಲು, ಅವ್ನು ಕೈ ತೊಳ್ಕೊಂಡು ಬರೋ ಅಷ್ಟರಲ್ಲಿ ಡೌನ್‌ಲೋಡ್ ಪೂರ್ತಿ ಆಗಿತ್ತು. ಹಾಕಿದ್ರು. ಚಿತ್ರ ಕನ್ನಡಿ ಥರ ಐತೆ. ಅಮ್ಮ ಚಾಪೆ ಮೇಲೆ ಕೂತವ್ರೆ, ತುಟಿ ಆಡ್ತೈತೆ. ಹಾಡೇ ಇಲ್ಲ. ಹಾಡಿನ ಜಾಗದಲ್ಲಿ... ಚುಳ್ಚ್... ಚುಳ್ಚ್... ಕೋಮಲಾ ಬಾಯಿಗೆ ಸೆರಗು ತುರುಕ್ಕೊಂಡು ಬಚ್ಚಲಿಗೆ ಓಡಿದ್ಲು. ಯತಿರಾಜ ಅದನ್ನ ಅಳಿಸಿ ಹಾಕ್ದ.

ಬೆಳಿಗ್ಗೆ ಭೈರೇಶನಿಗೆ ಫೋನ್ ಮಾಡಿದ್ರು. "ನಂದರಲ್ಲಿ ಸರಿಯಾಗೇ ಐತಲ್ಲ ಕಣಮ್ಮ," ಅಂದ. ಫೋನನ್ನ ಸ್ಪೀಕರಿಗೆ ಹಿಡ್ದ. ಕೋಮಲಾ ನೆಲದ ಮೇಲೆ ಕೂತು ಸೋಬಾನೆ ಪೂರ್ತಿ ಕೇಳ್ಸ್ಕೊಂಡ್ಲು, ಅಳ್ತಾ. ಆ ವಾರವೇ ಮನೆ ಖಾಲಿ ಮಾಡಿದ್ರು.

ಸುಳ್ಳು ಅಂತೀಯಾ? ನಮ್ ಸಿಂಚನಾ ನಾಮಕರಣಕ್ಕೆ ಯತಿರಾಜ ಬಂದಿದ್ದ. ನನ್ ಪಕ್ಕದಲ್ಲೇ ಊಟಕ್ಕೆ ಕೂತ. ಎಡಗೈಲಿ ಚಮಚ. ಬಲಗೈ ಜೇಬಲ್ಲಿ. ಸಾಲಾಗಿ ಎಲೆ ಹಾಕವ್ರೆ, ಪಾಯ್ಸ ಬಡಿಸವ್ರೆ. ಒಂದು ನೊಣಾನೂ ಎಲೆ ಮೇಲೆ ಕೂರಲಿಲ್ಲ. ಅಷ್ಟೂ ಅವನ ಬಲಗಡೆ ಜೇಬಿನ ಮೇಲೆ, ಕರ್ರಗೆ. ಕಣ್ಣಾರೆ ಕಂಡೀನಿ ಕಣ್ಲಾ.