ಧೂಳು ತಾಳದ ಮಷಿನ್ನು

"ಹಲೋ… ಯಾರ್ರಿ?… ಯಾರು ಮಾತಾಡೋದು?… ಜರಾ ಜೋರ ಮಾತಾಡ್ರಿ, ಮಗ್ಗದ ಸಪ್ಪಳದಾಗ ಏನೂ ಕೇಳಾಕತ್ತಿಲ್ಲ… ಹಾಂ, ಮಹಾನಂದಕ್ಕ ಏನ್ರಿ? ಕಮತಗಿಯಿಂದ?… ನಾ ಯಾರೋ ಸೀರಿ ವ್ಯಾಪಾರದವರು ಅಂದ್ಕೊಂಡಿದ್ನಿ."

ಅಂದುಕೊಂಡಿದ್ದೆಲ್ಲ ಸುಳ್ಳು. ಕಮತಗಿಯ ಕಾಯಿನ್ ಬಾಕ್ಸಿನ ಖರಖರ ಸದ್ದು ಅಂಬವ್ವನಿಗೆ ಕಿವಿಗಿಟ್ಟ ಕೂಡಲೇ ಗುರುತಾಗುತ್ತದೆ. ಆದರೂ ಸೊಸೆಯ ತವರಿನವರು ಎರಡು ಸಲ ತಮ್ಮ ಹೆಸರು ಹೇಳಿಕೊಳ್ಳಬೇಕು, ಇಳಕಲ್ಲಿನ ಆ ಮನೆಯ ರಿವಾಜೇ ಹಾಗೆ. ಫೋನಿನ ಸ್ಟೂಲಿನ ಪಕ್ಕದಲ್ಲೇ ಕಸಬರಿಗೆ ಹಿಡಿದು ನಿಂತಿದ್ದ ಸೊಸೆ ಚೇತನಾ, ಅವ್ವನ ಹೆಸರು ಕಿವಿಗೆ ಬಿದ್ದೊಡನೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವನ ಫೋನು ಬಂದಾಗ ಕೆಮ್ಮಬಾರದು ಎಂದು ಅತ್ತೆಯ ಕಟ್ಟಪ್ಪಣೆ ಇತ್ತು. ಮೈದುನ ಸಚಿನನಿಗೆ ಕನ್ಯೆ ನೋಡುತ್ತಿದ್ದರು. ಮನೆಯಲ್ಲಿ ದಮ್ಮಿನ ಹೆಂಗಸಿದ್ದಾಳೆಂದು ಸುದ್ದಿ ಹೊರಬಿದ್ದರೆ ಹೆಣ್ಣು ಕೊಡುವವರು ಹೊಸ್ತಿಲಲ್ಲೇ ತಿರುಗಿ ಹೋಗುತ್ತಾರೆಂದು ಅಂಬವ್ವನ ಲೆಕ್ಕಾಚಾರ.

"ಆರಾಮ ಅದೇವ್ರಿ… ಚೇತನಾನೂ ಆರಾಮ ಅದಾಳ. ಆಕಿಗೇನಾಗೇತ್ರಿ, ಗುಂಡಕಲ್ಲ ಇದ್ದಂಗ ಅದಾಳ… ಕೆಮ್ಮಾ? ಯಾವ ಕೆಮ್ಮರಿ?… ಅದು ನೆಗಡಿ ಆಗಿತ್ತಲ್ಲ, ಯಾವಾಗೋ ಹೋತು."

ಚೇತನಾಳ ಗಂಡ ಹುಚ್ಚೇಶ ಕೆಟ್ಟವನಲ್ಲ. ರಾತ್ರಿ ಹೆಂಡತಿಯ ಬೆನ್ನು ಸವರುತ್ತ, "ನಿಮ್ಮವ್ವ ಒಂದ ಮಾತು ಕೇಳಲಿ, ತವರಿಗೆ ಕಳಸ್ತೇನಿ, ಅಲ್ಲೇ ದವಾಖಾನಿಗೆ ತೋರಿಸ್ಕೊ," ಎಂದಿದ್ದ. ಕರೆಯದೆ ಹೋದರೆ ಹೆಣ್ಣಿಗೂ ಮಾನವಿಲ್ಲ, ಕಳಿಸಿದವನಿಗೂ ಇಲ್ಲ. ಆದ್ದರಿಂದ ಅವ್ವ ಇವತ್ತು ಆ ಒಂದು ಮಾತು ಕೇಳುತ್ತಾಳೋ ಇಲ್ಲವೋ, ಚೇತನಾಳ ಜೀವವೆಲ್ಲ ಅದರ ಮೇಲೆ ನಿಂತಿತ್ತು. ಆದರೆ ಅವಳ ಕಿವಿಗೆ ಬೀಳುತ್ತಿದ್ದುದು ಅತ್ತೆಯ ಮಾತು ಮಾತ್ರ.

"ಮಷಿನ್ ಏನ್ರಿ?… ಭಾಳ ಚಲೋ ಐತಿ. ಮನ್ಯಾಗ ಇರಬೇಕ್ರಿ ಅಂಥಾದ್ದು… ಯಾರು, ನಿಮ್ಮ ಓಣಿ ಲಗಮವ್ವನೂ ಕೇಳಾಕತ್ತಾಳಾ, ತರಸಬೇಕೋ ಬ್ಯಾಡೋ ಅಂತ?… ಕಣ್ಣ ಮುಚ್ಚಿ ತರಸ್ಕೊ ಅನ್ರಿ. ಇನ್ನೊಬ್ಬ ಸ್ವಸಿ ತಂದಂಗ ಆಗತೈತಿ. ಎದರ ಮಾತಾಡಂಗಿಲ್ಲ, ಉಣ್ಣಂಗಿಲ್ಲ, ತವರಮನಿ ನೆನಸಂಗಿಲ್ಲ. ಕೆಲಸ ಮುಗೀತಂದ್ರ ತಾನ ಹೋಗಿ ಮೂಲ್ಯಾಗ ಕುಂದರತೈತಿ."

ಅದು ತಾನೇ ಓಡಾಡಿ ಕಸ ಹೀರುವ ಯಂತ್ರ, ರೊಟ್ಟಿಯ ಹಂಚಿನಷ್ಟು ಅಗಲ, ದುಂಡಗೆ. ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡುವ ಚೇತನಾಳ ಅಣ್ಣ ರಾಜೇಶ, ತಂಗಿಗೆ ಡಾಕ್ಟರು ಧೂಳು ಬೇಡವೆಂದಿದ್ದಾರೆ ಎಂದು ತಿಳಿದು, ರಜೆಗೆ ಬರುವಾಗ ಎದೆಗವಚಿಕೊಂಡು ತಂದಿದ್ದ. ಹಿತ್ತಲ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳು ಹಗಲೆಲ್ಲ ಹತ್ತಿಯ ನವಿರು ಉಗುಳುತ್ತವೆ, ಅದು ಪಡಸಾಲೆ, ಅಡುಗೆಮನೆ, ದೇವರ ಮಾಡವನ್ನೂ ಬಿಡುವುದಿಲ್ಲ. ತಂಗಿಯ ಕೈಯಿಂದ ಕಸಬರಿಗೆ ತಪ್ಪಲಿ ಎಂದು ಅವನು ತಂದದ್ದು. ಪಾಪ, ಅವನಿಗೆ ಅಂಬವ್ವ ಗೊತ್ತಿರಲಿಲ್ಲ.

"ಹಾಂ?… ಚೇತನಾ ಕಸ ಹೊಡಿಯೋದು ನಿಂತೈತೇನು ಅಂತೀರಾ?… ಹೆಂಗ ನಿಲ್ಲತೈತ್ರಿ? ಮೊದಲ ಆಕಿ ಹೊಡದು ಕೊಡಬೇಕಲ್ರಿ, ಆಮ್ಯಾಲ ಮಷಿನ್ ಬಿಡೋದು… ಅಲ್ರಿ, ಹಂಗ ಬಿಟ್ರ ಅದರ ಹೊಟ್ಯಾಗ ಹತ್ತಿ ಸಿಕ್ಕೊಂಡು ಉಸಿರ ಕಟ್ಟತೈತಿ. ಫಾರಿನ್ ಮಾಲರಿ, ನಾಜೂಕ. ಅದಕ್ಕ ಧೂಳ ಆಗಿಬರಂಗಿಲ್ಲ."

ಈ ಮಾತಿಗೆ ಆ ಕಡೆ ಅವ್ವ ಏನೆಂದಳೋ. ಅಂಬವ್ವ ರಿಸೀವರನ್ನು ಆ ಕಿವಿಯಿಂದ ಈ ಕಿವಿಗೆ ಬದಲಾಯಿಸಿ, ತನ್ನ ಸೆರಗಿನ ಮೇಲೆ ಕೂತಿದ್ದ ಹತ್ತಿಯ ಎಳೆಯನ್ನು ತೆಗೆದು ಸೊಸೆಯ ಕಡೆ ಊದಿದಳು.

"ಕೇಳಾಕತ್ತೀರೇನ್ರಿ?… ಹಾಂ. ಹೋದ ಶುಕ್ರವಾರ ಕುಂಕುಮ ಹಚ್ಚಿ ಬಿಟ್ವಿ, ಸೀದಾ ಹೋಗಿ ಪಡಸಾಲ್ಯಾಗ ಹಳೇ ಕೈಮಗ್ಗಕ್ಕ ತೋಡಿದ ಕುಣಿಯಾಗ ಬಿತ್ತು. ಎದಿ ಒಡದಂಗಾತು ನನಗ… ಈಗ ಅದು ಓಡಾಡುವಾಗ ಆಕಿನ್ನ ಕುಣಿ ದಂಡಿಗೆ ಕುಂದರಿಸಿರತೇನಿ. ಹತ್ರ ಬಂತಂದ್ರ ಕಾಲು ಅಡ್ಡ ಕೊಡತಾಳ… ಮೊನ್ನೆ ಸೆರಗ ನೇಯಾಕ ಇಟ್ಟಿದ್ದ ರೇಷ್ಮಿ ನುಂಗಿತ್ತರಿ, ಕೆಂಪು ರೇಷ್ಮಿ. ಆಕೀನ ಕುಂತು ಸೂಜೀಲೆ ಎಳಿ ಎಳಿ ಬಿಡಿಸಿದ್ಲು. ರೇಷ್ಮಿನೂ ಹರೀಬಾರದು, ಮಷಿನ್ನೂ ಮುರೀಬಾರದು, ಅಲ್ಲೇನ್ರಿ?"

ಅಂದು ಯಂತ್ರದ ಹೊಟ್ಟೆ ಬಿಚ್ಚಿದಾಗ ಮುಖಕ್ಕೆ ರಾಚಿದ ಧೂಳಿಗೆ ಚೇತನಾ ಸಂಜೆಯವರೆಗೆ ಗೋಡೆ ಹಿಡಿದು ಕೂತಿದ್ದಳು. ಬಿಸಿನೀರು ಕೊಡಿ ಎಂದು ಕೇಳಿದ್ದಕ್ಕೆ, ಮೊದಲು ಮಷಿನ್ನಿನ ಗಾಲಿ ಒರೆಸು ಎಂದಿದ್ದಳು ಅತ್ತೆ. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು.

"ಏನ್ರಿ?… ಆಕಿ ಜೋಡಿ ಮಾತಾಡಬೇಕಾ?… ಆಕಿ ಮನ್ಯಾಗಿಲ್ರಿ. ರೇಣವ್ವನ ಮನಿಗೆ ಹೋಗ್ಯಾಳ… ಕರಿ ಅಂದ್ರ ಹೆಂಗ್ರಿ, ಆ ಕಡೆ ಓಣಿ ಅದು."

ಹೀಗೆನ್ನುವಾಗ ಅಂಬವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸಲೂ ಇಲ್ಲ. ಇದ್ದವಳನ್ನು ಎದುರಿಗೇ ಇಲ್ಲ ಎಂದದ್ದು ಚೇತನಾಳಿಗೆ ಹೊಡೆದದ್ದಕ್ಕಿಂತ ಹೆಚ್ಚು ನಾಟಿತು. ತಡೆದಿದ್ದ ಉಸಿರು ತಪ್ಪಿ ಕೆಮ್ಮು ನುಗ್ಗಿ ಬಂತು.

"ಹಾಂ? ಏನ ಸಪ್ಪಳ?… ಅಯ್ಯ, ಅದು ಮಷಿನ್ರಿ… ಖರೆ ಹೇಳ್ತೇನಿ, ಮಷಿನ್ನ ಅದು. ಒಮ್ಮೊಮ್ಮೆ ಹಂಗ ಖೊಕ್ ಖೊಕ್ ಅಂತೈತಿ… ಕೆಟ್ಟಿರಬೇಕಾ?… ಇರಬಹುದು ಬಿಡ್ರಿ… ರಾಜೇಶ ನೋಡ್ತಾನಾ? ಇನ್ನಾ ಊರಾಗ ಅದಾನ? ಹಂಗಾರ ಬಾಗಲಕೋಟಿ ಬಸ್ಸಿನ ಕಂಡಕ್ಟರ ಕೈಯಾಗ ಕೊಟ್ಟ ಕಳಸ್ತೇವಿ, ಕಮತಗ್ಯಾಗ ಇಳಿಸ್ಕೊಳ್ರಿ… ಏನಂದ್ರಿ?… ಮಷಿನ್ ಚೇತನಾನ ಕೈಯಾಗ ಕೊಟ್ಟ ಕಳಸಬೇಕಾ?… ಆಕೀನ ಯಾಕ್ರಿ ಬೇಕು ಅದರ ಜೋಡಿ?… ಎಂಟ ದಿನ ಇಟ್ಕೊಂಡು ಕಳಸ್ತೇನಿ ಅಂದ್ರ? ಮಷಿನ್ನಾ, ಮಗಳನ್ನಾ?… ಇಬ್ಬರನ್ನೂ?"

ಕೇಳಿದಳು. ಅವ್ವ ಕೊನೆಗೂ ಕೇಳಿದಳು. ಕೆಮ್ಮು ಯಾರದ್ದೆಂದು ಹೆತ್ತವಳಿಗೆ ತಿಳಿಯದೆ ಇರುತ್ತದೆಯೇ? ಚೇತನಾಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಶೆಡ್ಡಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಮನೆ ಗಪ್ಪಾಯಿತು. ಆ ಮೌನದಲ್ಲಿ ಅತ್ತೆಯ ಕಿವಿಯ ಹತ್ತಿರದಿಂದ ಟೂಂ ಟೂಂ ಎಂಬ ಸದ್ದು ಚೇತನಾಳಿಗೆ ಸ್ಪಷ್ಟವಾಗಿ ಕೇಳಿತು. ಅವ್ವನ ಕಾಯಿನ್ನು ಮುಗಿದು ಲೈನು ಕಟ್ಟಾಗಿತ್ತು.

ಕೈ ಒರೆಸಿಕೊಳ್ಳುತ್ತ ಹುಚ್ಚೇಶ ಹಿತ್ತಲ ಬಾಗಿಲಿಗೆ ಬಂದು ನಿಂತ. "ಅತ್ತೀದೇನಬೇ ಫೋನು? ಆಕಿನ್ನ ಕರಸ್ಕೊಳ್ಳಾಕ ಏನರ ಅಂದ್ರಾ?"

ಅಂಬವ್ವ ರಿಸೀವರ್ ಇಡಲಿಲ್ಲ. ಮಗನಿಗೆ ತಡೆ ಎಂದು ಅಂಗೈ ತೋರಿಸಿ ಮಾತು ಮುಂದುವರಿಸಿದಳು.

"ಹಾಂರಿ… ಈಗ ಕಳಸಬ್ಯಾಡ್ರಿ ಅಂತೀರಾ?… ಅಲ್ರಿ, ನಾವು ಕಳಸಾಕ ತಯಾರ ಅದೇವಿ, ಹುಚ್ಚೇಶ ಇಲ್ಲೇ ನಿಂತಾನ… ಬ್ಯಾಡಾ?… ಗಂಡನ ಮನ್ಯಾಗ ಇದ್ರನ ಗಟ್ಟಿ ಆಗತಾಳ ಅಂತೀರಾ?… ನೀವ ಹೆತ್ತವರು ಹಂಗಂದ ಮ್ಯಾಲ ನಾ ಏನ್ ಹೇಳ್ಲಿ. ಆತ್ರಿ, ನಿಮ್ಮ ಮಾತ ಮೀರಂಗಿಲ್ಲ."

ಟೂಂ ಟೂಂ ಎನ್ನುವುದಕ್ಕೆ ಇಷ್ಟು ಮರ್ಯಾದೆಯಿಂದ ಯಾರೂ ಉತ್ತರ ಕೊಟ್ಟಿರಲಿಕ್ಕಿಲ್ಲ. ಹುಚ್ಚೇಶ ನಂಬಿದ. ಅವರೇ ಬೇಡವೆಂದ ಮೇಲೆ ಮುಗಿಯಿತಲ್ಲ ಎಂಬಂತೆ ಅವನ ಹೆಗಲು ಇಳಿಯಿತು. ಅಂಬವ್ವ ರಿಸೀವರನ್ನು ಸೊಸೆಯ ಕಡೆ ಚಾಚಿ, "ತಗೋ, ನಿಮ್ಮವ್ವ. ಮಾತಾಡು," ಎಂದಳು. ಅವಳಿಗೇನೂ ಭಯವಿರಲಿಲ್ಲ. ಈ ಮೂಕಿ 'ಅವ್ವಾ, ಅವ್ವಾ' ಎಂದು ಬಡಬಡಿಸುತ್ತಾಳೆ, ಆಗ ತಾನು 'ಈಗ ಕಟ್ಟಾಗಿರಬೇಕು' ಎಂದರೆ ಆಯಿತು.

ಚೇತನಾ ಕಸಬರಿಗೆಯನ್ನು ಗೋಡೆಗೆ ಒರಗಿಸಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಹಲೋ… ಅವ್ವಾ, ನಾ ಚೇತನಾ… ಹೂಂ… ಏನಂದಿ?… ಅತ್ತಿ ಬ್ಯಾಸರ ಮಾಡ್ಕೋಬಾರದಂತ ಸುಮ್ನ ಹಂಗಂದ್ಯಾ?… ಹಾಂ… ಇವತ್ತ ಬಾ ಅಂತೀಯಾ?… ಇವರ ಜೋಡಿ, ಈಗಿನ ಬಸ್ಸಿಗೆ?… ಇವರಿಲ್ಲೇ ಅದಾರ, ಹೇಳ್ತೇನಿ."

ಅಂಬವ್ವ ರಿಸೀವರಿನತ್ತ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು. ಫೋನು ಸತ್ತಿದೆ ಎಂದು ಹೇಳಬೇಕಾದರೆ ಯಾವಾಗ ಸತ್ತಿತು ಎಂಬುದನ್ನೂ ಮಗನಿಗೆ ಹೇಳಬೇಕಾಗಿತ್ತು.

"ಬ್ಯಾಗ್ ತುಂಬ್ಕೊ," ಎಂದ ಹುಚ್ಚೇಶ. "ಕರೆಂಟ್ ಹೆಂಗೂ ಸಂಜಿತನಾ ಬರಂಗಿಲ್ಲ, ನಾನ ಬಿಟ್ಟ ಬರ್ತೇನಿ."

"ಕೇಳಿದ್ಯೇನವ್ವಾ, ಇವರ ಬಿಡಾಕ ಬರ್ತಾರಂತ… ಹಾಂ?… ಮಷಿನ್ನಾ?… ಇಲ್ಲೇ ಇರಲಿ ಅಂತೀಯಾ?… ಹೌದು, ಮೊದಲ ಯಾರರ ಕಸ ಹೊಡದ ಕೊಡಬೇಕು, ಕುಣಿ ದಂಡಿಗೆ ಕುಂದರಬೇಕು… ಅದರ ಚಿಂತಿ ನೀ ಮಾಡಬ್ಯಾಡ," ಎಂದು ಚೇತನಾ ಅತ್ತೆಯ ಮುಖವನ್ನು ನೇರ ನೋಡಿದಳು. "ಅತ್ತಿ ಅದಾರಲ್ಲ, ಮಾಡ್ತಾರ… ಕೇಳಿ ನೋಡ್ಲ್ಯಾ?… ಹೂಂ ಅಂದ್ರವ್ವಾ. ಇಡ್ತೇನಿ."